ಕಣ್ಣುಗುಡ್ಡೆ ಅಪ್ಪ, ಒಕ್ಕಣ್ಣ ಮಗ: ಮಿಜುಕಿ ಪಾತ್ರ ಕಟ್ಟುವ ಬಗೆ

ಕಾಮಿಕ್ಸ್ ಬರೆಯಲು ಕಲಿಯುವವರು ಸಾಮಾನ್ಯವಾಗಿ ನಾಯಕನಿಗೆ ಏನೇನು ಶಕ್ತಿ ಕೊಡಬೇಕು ಎಂದು ಪಟ್ಟಿ ಮಾಡಿಕೊಂಡು ಶುರುಮಾಡುತ್ತೇವೆ. ಜಪಾನಿನ ಶಿಗೆರು ಮಿಜುಕಿ (1922–2015) ಅವರ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಓದುವಾಗ ಆ ಪಟ್ಟಿಯನ್ನು ಪಕ್ಕಕ್ಕಿಡಿ. ಈ ಪಾತ್ರಕ್ಕೆ ಏನಿಲ್ಲ, ಇದ್ದದ್ದರಲ್ಲಿ ಏನು ಹೋಯಿತು, ಹೋದ ಮೇಲೆ ಏನು ಉಳಿಯಿತು ಎಂದು ಕೇಳುತ್ತಾ ಹೋದರೆ ಅವರ ವಿಚಿತ್ರ ಜೀವಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಇಲ್ಲಿ ಮುಖ್ಯವಾಗಿ ನೋಡುವುದು ‘ಗೆಗೆಗೆ ನೊ ಕಿತಾರೊ’ ಸರಣಿಯನ್ನು.

ಉಳಿದದ್ದು ಒಂದು ಕಣ್ಣು

ಕಿತಾರೊ ಪ್ರೇತಕುಲದ ಕೊನೆಯ ಕುಡಿ. ಸತ್ತ ತಾಯಿಯ ಗೋರಿಯಿಂದ ತಾನೇ ತೆವಳಿಕೊಂಡು ಹೊರಬಂದ ಕೂಸು. ಎಡಗಣ್ಣಿಲ್ಲ, ಆ ಜಾಗವನ್ನು ಕೂದಲು ಮುಚ್ಚಿದೆ. ಅಪ್ಪನ ಮೈಯೋ ರೋಗದಿಂದ ಕೊಳೆತುಹೋಗಿದೆ. ಆದರೆ ಮಗನ ಚಿಂತೆ ಬಿಡದೆ, ಹೆಣದಿಂದ ಉದುರಿದ ಒಂದು ಕಣ್ಣುಗುಡ್ಡೆಗೆ ಪುಟ್ಟ ಕೈಕಾಲು ಮೂಡಿ ಜೀವ ಬರುತ್ತದೆ. ಅದೇ ಮೆದಾಮಾ ಓಯಾಜಿ. ಮಗನ ಕೂದಲಲ್ಲಿ ವಾಸ, ಬಟ್ಟಲಿನ ಬಿಸಿನೀರಲ್ಲಿ ಸ್ನಾನ.

ಇದನ್ನು ತಮಾಷೆ ಎಂದು ದಾಟಿ ಹೋಗಬೇಡಿ. ಸತ್ತ ಅಪ್ಪನಿಗೆ ಬಾಕಿ ಇರುವ ಕೆಲಸ ಒಂದೇ, ಮಗನ ಮೇಲೆ ನಿಗಾ ಇಡುವುದು. ಆ ಕೆಲಸಕ್ಕೆ ಬೇಕಾದ ಅಂಗವನ್ನಷ್ಟೇ ಇಟ್ಟುಕೊಂಡು ಮಿಕ್ಕಿದ್ದನ್ನು ಮಿಜುಕಿ ಅಳಿಸಿಬಿಟ್ಟರು. ಬಾಯಿ ಕೂಡ ಇಲ್ಲ, ಆದರೂ ಮಾತಾಡುತ್ತಾನೆ, ನಾವೂ ತಕರಾರು ತೆಗೆಯುವುದಿಲ್ಲ. ಇದರಿಂದ ಇನ್ನೊಂದು ಲಾಭವೂ ಆಯಿತು. ಯೋಕಾಯಿಗಳ, ಅಂದರೆ ಜಪಾನಿನ ಜನಪದ ಕಥೆಗಳ ಭೂತಪಿಶಾಚಿಗಳ, ಪೂರ್ವಾಪರವನ್ನು ಪ್ರತಿ ಕಥೆಯಲ್ಲೂ ಯಾರಾದರೂ ಓದುಗರಿಗೆ ವಿವರಿಸಲೇಬೇಕು. ಗಡ್ಡದ ಪಂಡಿತನೊಬ್ಬ ಆ ಕೆಲಸಕ್ಕೆ ಬಂದಿದ್ದರೆ ಪುಟ ಪಾಠವಾಗುತ್ತಿತ್ತು. ಬಟ್ಟಲಲ್ಲಿ ಕೂತು ಮೈ ತೊಳೆದುಕೊಳ್ಳುವ ಕಣ್ಣುಗುಡ್ಡೆ ಹೇಳಿದರೆ ಎಷ್ಟು ಬೇಕಾದರೂ ಕೇಳುತ್ತೇವೆ.

ಹಳೆಯ ಕಥೆ, ಹೊಸ ಗಾಯ

ಕಿತಾರೊನನ್ನು ಮಿಜುಕಿ ಸೊನ್ನೆಯಿಂದ ಸೃಷ್ಟಿಸಲಿಲ್ಲ. ಮಿಠಾಯಿ ಮಾರುವವರು ಬೀದಿಯಲ್ಲಿ ಚಿತ್ರದ ಹಲಗೆಗಳನ್ನು ಒಂದೊಂದಾಗಿ ಸರಿಸುತ್ತಾ ಮಕ್ಕಳಿಗೆ ಕಥೆ ಹೇಳುವ ಕಾಮಿಶಿಬಾಯಿಯಲ್ಲಿ 1930ರ ದಶಕದಲ್ಲೇ ‘ಸ್ಮಶಾನದ ಕಿತಾರೊ’ ಇದ್ದ. ಅವನ ಬೇರು ಇನ್ನೂ ಹಿಂದಿನ ಜನಪದ ಕಥೆಯೊಂದರಲ್ಲಿದೆ: ರಾತ್ರಿ ರಾತ್ರಿ ಹೆಂಗಸೊಬ್ಬಳು ಮಿಠಾಯಿ ಕೊಳ್ಳಲು ಬರುತ್ತಾಳೆ, ಅಂಗಡಿಯವನು ಹಿಂಬಾಲಿಸಿದರೆ ಗೋರಿಯೊಳಗೆ ಕೂಸಿನ ಅಳು. ಯುದ್ಧದ ನಂತರ ಕೋಬೆಯಲ್ಲಿ ಕಾಮಿಶಿಬಾಯಿ ಚಿತ್ರ ಬರೆದು ಬದುಕುತ್ತಿದ್ದಾಗಲೇ ಮಿಜುಕಿ ಕಿತಾರೊನನ್ನು ಎತ್ತಿಕೊಂಡಿದ್ದರು.

1960ರಲ್ಲಿ ಬಾಡಿಗೆ ಪುಸ್ತಕದಂಗಡಿಗಳಿಗಾಗಿ ಬರೆದ ಕಥೆಯಲ್ಲಿ ಅವರು ಸೇರಿಸಿದ್ದನ್ನು ನೋಡಿ. ರಕ್ತನಿಧಿಯ ನೌಕರನೊಬ್ಬ, ರೋಗಿಗೆ ಪ್ರೇತದ ರಕ್ತ ಹೋಗಿರುವುದರ ಜಾಡು ಹಿಡಿದು ಕಿತಾರೊನ ತಂದೆತಾಯಿಯ ಮನೆಗೆ ಬರುತ್ತಾನೆ. ಅವನ ಹೆಸರೂ ಮಿಜುಕಿ! ಮುಂದೆ ಗೋರಿಯಿಂದ ಎದ್ದುಬಂದ ಕೂಸನ್ನು ಕಂಡು ಹೆದರಿ ಎಸೆಯುತ್ತಾನೆ. ಕೂಸು ಗೋರಿಗಲ್ಲಿಗೆ ಬಡಿದು ಕಣ್ಣು ಕಳೆದುಕೊಳ್ಳುತ್ತದೆ. ಕೊನೆಗೆ ಆ ಕೂಸನ್ನು ಸಾಕುವವನೂ ಅವನೇ. ಕಣ್ಣು ಕಿತ್ತ ಕೈಯೇ ಅನ್ನವನ್ನೂ ಇಟ್ಟಿತು. ಮನುಷ್ಯರ ಜೊತೆ ಕಿತಾರೊಗಿರುವ ನಂಟು ಎಂಥದ್ದು ಎಂಬುದನ್ನು ಸಂಭಾಷಣೆಯಲ್ಲಿ ಹೇಳಬೇಕಾಗಿಯೇ ಇಲ್ಲ, ಅದು ಅವನ ಮುಖದ ಮೇಲಿದೆ.

ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ಪೆಸಿಫಿಕ್ ಸಾಗರದ ನ್ಯೂ ಬ್ರಿಟನ್ ದ್ವೀಪದ ರಬೌಲ್ ಕಡೆಗೆ ಹೋದ ಮಿಜುಕಿ ಬಾಂಬ್ ದಾಳಿಯಲ್ಲಿ ಎಡಗೈ ಕಳೆದುಕೊಂಡರು. ಎಡಗೈ ಇಲ್ಲದ ಕಲಾವಿದ, ಎಡಗಣ್ಣಿಲ್ಲದ ಹುಡುಗ ಎಂದು ಜೋಡಿಸಿಬಿಡುವ ಆಸೆ ಆಗುತ್ತದೆ. ಅಷ್ಟು ಸಲೀಸಾದ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಯುದ್ಧದಿಂದ ಅವರ ಪಾತ್ರಗಳಿಗೆ ಬಂದದ್ದು ಬೇರೆ: ಸಾವಿನ ಬಗ್ಗೆ ಗಾಂಭೀರ್ಯವಿಲ್ಲದ ಸಲಿಗೆ, ವೀರಾವೇಶದ ಬಗ್ಗೆ ತೀರದ ಗುಮಾನಿ.

ಕಾಣದ್ದಕ್ಕೆ ಮೈ ಕೊಡುವುದು

ನನ್ನ ಮಟ್ಟಿಗೆ ಮಿಜುಕಿಯವರಿಂದ ಕಲಿಯಬೇಕಾದ ದೊಡ್ಡ ಪಾಠ ಇದು. ಕೆಲವು ಯೋಕಾಯಿಗಳಿಗೆ ಹಳೆಯ ಚಿತ್ರಗಳಿದ್ದವು. ಚಿತ್ರಕಾರ ತೊರಿಯಾಮಾ ಸೆಕಿಯೆನ್ 1776ರಲ್ಲೇ ಅವುಗಳ ಸಚಿತ್ರ ಪುಸ್ತಕ ತಂದಿದ್ದ, ಮಿಜುಕಿ ಅಲ್ಲಿಂದ ಧಾರಾಳವಾಗಿ ತೆಗೆದುಕೊಂಡರು. ಚಿತ್ರವೇ ಇಲ್ಲದವುಗಳ ಕಥೆ ಬೇರೆ. ಉದಾಹರಣೆಗೆ ನುರಿಕಾಬೆ. ಜಾನಪದ ವಿದ್ವಾಂಸ ಕುನಿಯೊ ಯಾನಗಿತಾ ದಾಖಲಿಸಿರುವುದು ಇಷ್ಟೇ: ಕ್ಯೂಶೂ ಕಡೆ ರಾತ್ರಿ ನಡೆಯುವಾಗ ಇದ್ದಕ್ಕಿದ್ದಂತೆ ಮುಂದೆ ಗೋಡೆ ಬಂದಂತಾಗಿ ಹೆಜ್ಜೆ ಇಡಲಾಗುವುದಿಲ್ಲ, ಕೋಲಿನಿಂದ ಕೆಳಭಾಗವನ್ನು ಸವರಿದರೆ ಮಾಯವಾಗುತ್ತದೆ, ಮೇಲ್ಭಾಗಕ್ಕೆ ಹೊಡೆದರೆ ಏನೂ ಆಗದು. ಕಣ್ಣು, ಮೂಗು, ಬಣ್ಣ ಯಾವುದರ ಸುದ್ದಿಯೂ ಇಲ್ಲ. ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿಕೊಂಡ ದೆವ್ವಕ್ಕೆ ದನಿ ಇತ್ತು, ಮುಖ ಇರಲಿಲ್ಲವಲ್ಲ, ಹಾಗೆ.

ಮಿಜುಕಿ ಹಿಡಿದುಕೊಂಡದ್ದು ಅದು ಮಾಡುವ ಕೆಲಸವನ್ನು, ಅಡ್ಡ ನಿಲ್ಲುವುದನ್ನು. ಆದ್ದರಿಂದ ಅವರ ನುರಿಕಾಬೆ ದಪ್ಪನೆಯ ಗೋಡೆ, ಅದಕ್ಕೆ ಎರಡು ಜೋಲುಗಣ್ಣು, ಗಿಡ್ಡ ಕೈಕಾಲು. ಕೊಂಬು, ಕೋರೆಹಲ್ಲು ಒಂದೂ ಇಲ್ಲ. ಯುದ್ಧದಲ್ಲಿ ಕಾಡಿನಲ್ಲಿ ಓಡುವಾಗ ಇಂಥದ್ದೇ ಒಂದು ತನ್ನ ದಾರಿಗೆ ಅಡ್ಡ ನಿಂತಿತ್ತೆಂದು ಅವರು ಹೇಳಿಕೊಂಡಿದ್ದಾರೆ.

ಈ ಅಭ್ಯಾಸ ಬಾಲ್ಯದಿಂದ ಬಂದದ್ದು. ತೊತ್ತೊರಿ ಪ್ರಾಂತ್ಯದ ಸಕಾಯಿಮಿನಾತೊ ಊರಿನಲ್ಲಿ ನೊನ್ನೊನ್‌ಬಾ ಎಂದು ಕರೆಯುತ್ತಿದ್ದ ಅಜ್ಜಿಯೊಬ್ಬರು ಅವರಿಗೆ ದೆವ್ವಗಳ ಕಥೆ ಹೇಳುತ್ತಿದ್ದರು. ಅಟ್ಟದ ಹಲಗೆಯ ಮೇಲಿನ ಕಲೆ ತೋರಿಸಿ, ರಾತ್ರಿ ಯಾವುದೋ ಬಂದು ನೆಕ್ಕಿಹೋದ ಗುರುತು ಇದು ಎನ್ನುವ ಬಗೆ. ಅಲ್ಲಿಯೂ ಮೊದಲು ಕಾಣುವುದು ಕಲೆ, ದೆವ್ವ ಆಮೇಲೆ.

ಗೆರೆಯ ಎರಡು ದರ್ಜೆ

ಕಿತಾರೊ ಮತ್ತು ಗೆಳೆಯರದು ಸರಳ ಗೆರೆ, ಹತ್ತು ನಿಮಿಷದಲ್ಲಿ ನಕಲು ಮಾಡಬಹುದು. ಅವರು ನಿಂತಿರುವ ಬಿದಿರು ಮೆಳೆ, ಕಲ್ಲು, ಹಳೆಯ ಮನೆಗಳು ಮಾತ್ರ ಚುಕ್ಕೆಚುಕ್ಕೆ ಇಟ್ಟು ತುಂಬಿದ, ಫೋಟೊದಷ್ಟು ದಟ್ಟ ಚಿತ್ರ. ಇದಕ್ಕೆಂದೇ ಮಿಜುಕಿ ಫೋಟೊಗಳನ್ನು ಕತ್ತರಿಸಿ ವಿಷಯವಾರು ಅಂಟಿಸಿಟ್ಟುಕೊಂಡಿದ್ದರು. ಮುಂದೆ ತಾವೇ ಹೆಸರು ಮಾಡಿದ ಯೊಶಿಹರು ತ್ಸುಗೆ ಮತ್ತು ರ್‍ಯೋಇಚಿ ಇಕೆಗಾಮಿ ಇಬ್ಬರೂ ಮಿಜುಕಿಯವರ ಸಹಾಯಕರಾಗಿ ದುಡಿದವರು. ಜಾಗ ಇಷ್ಟು ನಿಜವಾಗಿದ್ದರೆ ಅಲ್ಲಿ ನಡೆದಾಡುವ ಕಣ್ಣುಗುಡ್ಡೆಯನ್ನೂ ನಂಬುತ್ತೇವೆ.

1973ರಲ್ಲಿ ಮಿಜುಕಿ ಯುದ್ಧದ ಬಗ್ಗೆ ಬರೆದ ಮಂಗಾದಲ್ಲಿ ಯೋಕಾಯಿಗಳಿಲ್ಲ, ಆದರೆ ಇದೇ ವಿಧಾನವಿದೆ: ಸೈನಿಕರು ವ್ಯಂಗ್ಯಚಿತ್ರದಂತೆ, ಕಾಡು ಫೋಟೊದಂತೆ. ಕೊನೆಯ ಪುಟಗಳಲ್ಲಿ ಆ ಸೈನಿಕರು ಹೆಣವಾಗಿ ಬಿದ್ದಾಗ ಅವರ ಮೈಗೂ ಹಿನ್ನೆಲೆಯ ದಟ್ಟ ಗೆರೆ ಬಂದುಬಿಡುತ್ತದೆ. ಸತ್ತ ಮೇಲೆ ಅವರು ಪಾತ್ರಗಳಲ್ಲ, ನೆಲದ ಭಾಗ. ಇದನ್ನು ನೋಡಿದ ಮೇಲೆ ಕಿತಾರೊವನ್ನು ಮತ್ತೊಮ್ಮೆ ತಿರುವಿಹಾಕಿ.

ಇಲಿಮನುಷ್ಯ ಯಾಕೆ ಬೇಕು

ನೆಜುಮಿ ಓತೊಕೊ, ಅಂದರೆ ಇಲಿಮನುಷ್ಯ, ಅರ್ಧ ಮನುಷ್ಯ, ಅರ್ಧ ಯೋಕಾಯಿ. ನೂರಾರು ವರ್ಷ ಸ್ನಾನ ಕಂಡಿಲ್ಲ, ದುಡ್ಡಿಗೆ ಯಾರನ್ನಾದರೂ ಮಾರುತ್ತಾನೆ, ಮರುವಾರ ನಾಚಿಕೆಯಿಲ್ಲದೆ ಕಿತಾರೊನ ಪಕ್ಕದಲ್ಲೇ ಕೂತಿರುತ್ತಾನೆ. ಮಿಜುಕಿಗೆ ಇವನ ಮೇಲೆ ಎಲ್ಲಿಲ್ಲದ ಪ್ರೀತಿ.

ಕಾರಣ ಸರಣಿಯ ಚರಿತ್ರೆಯಲ್ಲೂ ಸಿಗುತ್ತದೆ. ಬಾಡಿಗೆ ಪುಸ್ತಕಗಳ ಕಿತಾರೊ ಸಿಗರೇಟು ಸೇದುವ, ತನ್ನ ಪಾಡಿಗೆ ತಾನಿರುವ, ಕಂಡರೆ ಮೈ ಜುಮ್ಮೆನ್ನುವ ಹುಡುಗ. 1965ರಲ್ಲಿ ಅವನು ಮಕ್ಕಳ ವಾರಪತ್ರಿಕೆಗೆ ಬಂದ, 1968ರಲ್ಲಿ ಟೀವಿಗೂ ಬಂದ. ಅಷ್ಟರಲ್ಲಿ ಮನುಷ್ಯರನ್ನು ಕಾಪಾಡುವ ಒಳ್ಳೆಯ ಹುಡುಗನಾಗಿದ್ದ. ಪಾತ್ರವಾಗಿ ನನಗೆ ಮೊದಲಿನವನೇ ಮೇಲು. ಒಳ್ಳೆಯವನಾದ ನಾಯಕ ತಾನಾಗಿ ತೊಂದರೆ ತಂದುಕೊಳ್ಳುವುದಿಲ್ಲ, ಕರೆದರೆ ಬರುತ್ತಾನೆ ಅಷ್ಟೆ. ಹಾಗಾಗಿ ಆಸೆ, ಹಸಿವು, ಮೋಸ ಎಲ್ಲದರ ಹೊರೆ ಇಲಿಮನುಷ್ಯನ ಹೆಗಲಿಗೆ ಬಿತ್ತು. ಅವನು ಎಲ್ಲೋ ದುಡ್ಡಿನ ವಾಸನೆ ಹಿಡಿದು ಹೋಗದಿದ್ದರೆ ಎಷ್ಟೋ ಕಥೆಗಳು ಶುರುವೇ ಆಗುತ್ತಿರಲಿಲ್ಲ.

ಅಭ್ಯಾಸಕ್ಕೆ: ತೊಕುಶಿಮಾ ಕಡೆಯ ಕೊನಾಕಿ ಜಿಜಿ ಎಂಬ ಯೋಕಾಯಿ ಕೂಸಿನಂತೆ ಅಳುವ ಮುದುಕ. ಅಯ್ಯೋ ಪಾಪ ಎಂದು ಎತ್ತಿಕೊಂಡರೆ ಭಾರವಾಗುತ್ತಾ ಹೋಗುತ್ತಾನೆ, ಎತ್ತಿಕೊಂಡವರಿಗೆ ಕೆಳಗಿಳಿಸಲೂ ಆಗುವುದಿಲ್ಲ. ಮಿಜುಕಿ ಬರೆದ ಚಿತ್ರ ನೋಡುವ ಮೊದಲು ನಿಮ್ಮದೊಂದು ಬರೆಯಿರಿ. ಅಳು, ಭಾರ, ಮುದಿತನ ಮೂರನ್ನೂ ತೋರಿಸಲು ಹೋಗದೆ ಒಂದನ್ನು ಆರಿಸಿಕೊಳ್ಳಿ, ಮೈಯ ಆಕಾರವನ್ನು ಅದೇ ತೀರ್ಮಾನಿಸಲಿ.