ನೆದರ್‌ಲ್ಯಾಂಡ್ಸಿನ ಊರ ಹೆಸರುಗಳಲ್ಲಿ ಅಡಗಿರುವ ಕರಾರುಪತ್ರ

ಸ್ಥಳನಾಮಗಳ ಅಧ್ಯಯನದಲ್ಲಿ ಇಂದಿನ ಕಾಗುಣಿತವನ್ನು ನಂಬಿ ಅರ್ಥ ಹೇಳುವಂತಿಲ್ಲ. ಹೆಸರು ದಾಖಲೆಗಳಲ್ಲಿ ಮೊದಲು ಕಾಣಿಸಿಕೊಂಡ ರೂಪವನ್ನೇ ಹುಡುಕಬೇಕು. ಆಮ್‌ಸ್ಟರ್‌ಡ್ಯಾಮಿನ ಮಟ್ಟಿಗೆ ಅದು 1275ರ ಸುಂಕ ವಿನಾಯಿತಿ ಪತ್ರ. ಹಾಲೆಂಡಿನ ಕೌಂಟ್, ಅಂದರೆ ಆ ಸೀಮೆಯ ಪ್ರಭು, ಐದನೆಯ ಫ್ಲೋರಿಸ್ ಅದರಲ್ಲಿ 'ಆಮೆಸ್ಟೆಲ್ಲೆಡಾಮೆ'ಯ ಬಳಿ ವಾಸಿಸುವವರಿಗೆ ಸುಂಕ ಮನ್ನಾ ಮಾಡಿದ್ದಾನೆ. ಆಮ್‌ಸ್ಟೆಲ್ ನದಿಗೆ ಕಟ್ಟಿದ ಒಡ್ಡೇ ಊರಿನ ಹೆಸರಾಯಿತು. ರಾಟರ್‌ಡ್ಯಾಮ್ ಕೂಡ ಹಾಗೆಯೇ, ರೊಟ್ಟೆ ನದಿಯ ಒಡ್ಡು.

ಇವು ಸುಲಭದ ಹೆಸರುಗಳು. ನನಗೆ ಇವಕ್ಕಿಂತ ಹೆಚ್ಚು ಬೆಲೆಯುಳ್ಳವಾಗಿ ಕಾಣುವುದು ಬೊಸ್ಕೋಪ್, ನ್ಯೂಕೋಪ್, ಪಾಪೆಕೊಪ್‌ನಂತಹ ಸಣ್ಣ ಊರುಗಳು. ಇಂದಿನ ಡಚ್ಚಿನಲ್ಲಿ 'ಕೊಪ್' ಎಂದರೆ ತಲೆ. ಆದರೆ ಈ ಹೆಸರುಗಳ ಕೊನೆಯಲ್ಲಿರುವುದು 'ಕೋಪೆ', ಅಂದರೆ ಜೌಗು ಕಾಡನ್ನು ಸಾಗುವಳಿಗೆ ತರಲು ಮಧ್ಯಯುಗದಲ್ಲಿ ಮಾಡಿಕೊಂಡ ಕರಾರು. ಯುಟ್ರೆಕ್ಟಿನ ಬಿಷಪ್ ಅಥವಾ ಹಾಲೆಂಡಿನ ಕೌಂಟ್ ಜೌಗುನೆಲವನ್ನು ಬಿಟ್ಟುಕೊಡುತ್ತಿದ್ದರು. ಒಕ್ಕಲು ಬಂದವರು ಕಾಲುವೆ ತೋಡಿ ನೀರು ಬಸಿದು, ಅವರ ಅಧಿಕಾರವನ್ನು ಒಪ್ಪಿದ ಗುರುತಾಗಿ ವರ್ಷಕ್ಕೊಮ್ಮೆ ಅಲ್ಪ ಕಂದಾಯ ತೆತ್ತು, ಸ್ವತಂತ್ರ ರೈತರಾಗಿ ಬಾಳುತ್ತಿದ್ದರು. ಒಂದು ಹಿಡುವಳಿಯ ಅಗಲ ಸುಮಾರು 110 ಮೀಟರ್, ಉದ್ದ 1250 ಮೀಟರ್. ಆ ನೀಳವಾದ ಪಟ್ಟಿಗಳು ಅಲ್ಲಿನ ಹೊಲಗಳ ನಕ್ಷೆಯಲ್ಲಿ ಇಂದಿಗೂ ಎದ್ದು ಕಾಣುತ್ತವೆ; ಹೆಸರು ಮತ್ತು ನೆಲ ಒಂದೇ ಸಾಕ್ಷ್ಯ ನುಡಿಯುವ ಇಂತಹ ಸಂದರ್ಭ ಅಪರೂಪ.

ಅದೇ ಪ್ರದೇಶದಲ್ಲಿ ಕಾಮೆರಿಕ್, ಸ್ಪೆಂಗೆನ್, ಕೊಕೆಂಗೆನ್ ಎಂಬ ಊರುಗಳೂ ಇವೆ. ಮೊದಲನೆಯದು ಫ್ರಾನ್ಸಿನ ಕಾಂಬ್ರೇ ಪಟ್ಟಣವನ್ನೂ ಎರಡನೆಯದು ಸ್ಪೇನನ್ನೂ ನೆನಪಿಸಿದರೆ, ಮೂರನೆಯದು ದುಡಿಯದೆಯೂ ಹೊಟ್ಟೆ ತುಂಬುವ 'ಕೊಕಾಞ್' ಎಂಬ ಕಲ್ಪನೆಯ ನಾಡಿನದು. ಮೊಣಕಾಲುದ್ದ ಕೆಸರಿನಲ್ಲಿ ದುಡಿಯಲು ಬರುವವರನ್ನು ಸೆಳೆಯಲು ಇಟ್ಟ ಹೆಸರುಗಳಿವು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಹೆಸರು ಉಳಿದು, ಅದು ಸೂಚಿಸುವ ನೀರೇ ಇಲ್ಲವಾಗುವುದುಂಟು. ಡಚ್ಚಿನಲ್ಲಿ 'ಮೇರ್' ಎಂದರೆ ಸರೋವರ. ಹಾರ್ಲೆಮರ್‌ಮೇರ್ 1852ರಲ್ಲಿ ಬರಿದಾಯಿತು; ಅದರ ತಳದಲ್ಲೀಗ ಸ್ಕಿಪೋಲ್ ವಿಮಾನ ನಿಲ್ದಾಣವಿದೆ.

ಹೆಸರು ಜಾಗ ಬದಲಿಸುವುದೂ ಉಂಟು. ಸ್ಕೋಕ್‌ಲ್ಯಾಂಡ್ ದ್ವೀಪದ ಎಮ್ಮೆಲೋರ್ಡ್ ಎಂಬ ಹಳ್ಳಿಯನ್ನು ಸಮುದ್ರದ ಕಾಟಕ್ಕೆ ಅಂಜಿ 1859ರಲ್ಲಿ ತೆರವು ಮಾಡಿಸಲಾಯಿತು. 1942ರಲ್ಲಿ ದ್ವೀಪದ ಸುತ್ತಲಿನ ನೀರನ್ನೇ ಬಸಿದು ಹೊಸ ನೆಲ ಪಡೆದ ಮೇಲೆ, ಅದರ ನಡುವೆ ಕಟ್ಟಿದ ಪಟ್ಟಣಕ್ಕೆ ಅದೇ ಹೆಸರನ್ನಿಟ್ಟರು. ಆದ್ದರಿಂದ ಹಳೆಯ ಕಡತದಲ್ಲಿ ಎಮ್ಮೆಲೋರ್ಡ್ ಎಂದು ಓದಿದವರು ಮೊದಲು ಅದರ ಇಸವಿ ನೋಡಿಕೊಳ್ಳಬೇಕು.