ತಪ್ಪನ್ನು ಹೇಳಿಕೊಳ್ಳಬಹುದಾದ ವಾರ್ಡು

ಮಂಡ್ಯ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ನಾನು ಮೆಡಿಕಲ್ ವಾರ್ಡಿನ ಹೊಣೆ ಹೊತ್ತಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ನೈಟ್ ಡ್ಯೂಟಿಯ ಸಿಸ್ಟರ್ ಮುಂದಿನ ಪಾಳಿಯವರಿಗೆ ಚಾರ್ಜ್ ಕೊಡುವಾಗ ಎಲ್ಲರೂ ಹೋಗಲೆಂದು ಕಾದು ನಿಂತು, "ಮೇಡಂ, ರಾತ್ರಿ ನನ್ನಿಂದ ಒಂದು ತಪ್ಪಾಯಿತು" ಎಂದರು. ಸಕ್ಕರೆ ಕಾಯಿಲೆಯ ರೋಗಿಯೊಬ್ಬರಿಗೆ ರಾತ್ರಿ ಊಟಕ್ಕೆ ಮುಂಚೆ 20 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಮನೆಯವರು ಹೊರಗಿನ ಅಂಗಡಿಯಿಂದ ತಂದಿದ್ದ ಬಾಟಲಿ ಪ್ರತಿ ಮಿಲಿಲೀಟರಿಗೆ 100 ಯೂನಿಟ್‌ನದು. ಡ್ರಾಯರಿನಲ್ಲಿ ಕೈಗೆ ಸಿಕ್ಕಿದ ಸಿರಿಂಜು ಪ್ರತಿ ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ನಿಗೆಂದು ಗೆರೆ ಹಾಕಿದ, ಕೆಂಪು ಮುಚ್ಚಳದ್ದು. ಆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್ ಬರುತ್ತದೆ, ಅಂದರೆ ರೋಗಿಯ ದೇಹಕ್ಕೆ ಹೋದದ್ದು 50 ಯೂನಿಟ್. ಬಾಟಲಿಯನ್ನು ಫ್ರಿಜ್‌ನಲ್ಲಿಡುವಾಗ ಲೇಬಲ್ ಕಣ್ಣಿಗೆ ಬಿದ್ದು, ಆಕೆ ತಕ್ಷಣ ಡ್ಯೂಟಿ ಡಾಕ್ಟರನ್ನು ಕರೆದು, ಗ್ಲೂಕೋಸ್ ಡ್ರಿಪ್ ಹಾಕಿಸಿ, ಅರ್ಧ ಗಂಟೆಗೊಮ್ಮೆ ಸಕ್ಕರೆಯ ಮಟ್ಟ ನೋಡುತ್ತ ಬೆಳಗಿನವರೆಗೂ ಆ ಮಂಚದ ಪಕ್ಕದಲ್ಲೇ ಇದ್ದರು. ರೋಗಿ ಚೇತರಿಸಿಕೊಂಡಿದ್ದರು.

ಇಂಥ ಸಂದರ್ಭದಲ್ಲಿ ಕಾರಣ ಕೇಳಿ ಮೆಮೊ ಕೊಡುವುದು ನಮ್ಮಲ್ಲಿ ನಡೆದುಬಂದ ರೂಢಿ. ನಾನೂ ಹಿಂದೆ ಕೊಟ್ಟಿದ್ದೇನೆ, ಅದಕ್ಕಾಗಿ ಇಂದಿಗೂ ನೊಂದುಕೊಳ್ಳುತ್ತೇನೆ. ಮೆಮೊ ಪಡೆದ ಸಿಸ್ಟರ್ ಮುಂದಿನ ಸಲ ಬಾಯಿ ಬಿಡುವುದಿಲ್ಲ, ಅದನ್ನು ನೋಡಿದ ಉಳಿದವರೂ ಬಿಡುವುದಿಲ್ಲ. ಆ ಮೌನದಲ್ಲಿ ಅಪಾಯ ಬೆಳೆಯುತ್ತದೆ. ಆದ್ದರಿಂದ ಅಂದು ನಾವು ಡ್ರಾಯರ್ ತೆರೆದು ನೋಡಿದೆವು: ಕೆಂಪು ಮುಚ್ಚಳದ ಮತ್ತು 100 ಯೂನಿಟ್‌ನ ಕಿತ್ತಳೆ ಮುಚ್ಚಳದ ಸಿರಿಂಜುಗಳು ಒಂದೇ ಖಾನೆಯಲ್ಲಿ ಬೆರೆತು ಬಿದ್ದಿದ್ದವು. ಮಂದ ಬೆಳಕಿನಲ್ಲಿ, ಮೂರು ಕಡೆಯಿಂದ ಕರೆ ಬರುತ್ತಿರುವಾಗ ಯಾರ ಕೈಯಾದರೂ ತಪ್ಪುವ ಜಾಗವದು. ಅಂದಿನಿಂದ ವಾರ್ಡಿನ ಇಂಡೆಂಟಿನಲ್ಲಿ (ಮದ್ದಿನ ಬೇಡಿಕೆ ಪಟ್ಟಿಯಲ್ಲಿ) 40ರ ಇನ್ಸುಲಿನ್ ಮಾತ್ರ ತರಿಸಿ, ಹೊರಗಿನಿಂದ ಬಂದ 100ರ ಬಾಟಲಿಗೆ ಅದರದೇ ಸಿರಿಂಜುಗಳೊಂದಿಗೆ ಬೇರೆ ಡಬ್ಬಿ ಮಾಡಿ, ಎಳೆದ ಮದ್ದನ್ನು ಇನ್ನೊಬ್ಬರಿಗೆ ತೋರಿಸಿಯೇ ಚುಚ್ಚಬೇಕೆಂದು ಗೊತ್ತುಮಾಡಿದೆವು. ಜೊತೆಗೆ ಒಂದು ನೋಟ್ ಪುಸ್ತಕ ಇಟ್ಟೆವು. ಆದ ತಪ್ಪನ್ನೂ, ಆಗುವುದರಲ್ಲಿದ್ದು ಸ್ವಲ್ಪದರಲ್ಲಿ ತಪ್ಪಿಹೋದದ್ದನ್ನೂ ಹೆಸರು ಹಾಕದೆ ಅದರಲ್ಲಿ ಬರೆಯಬಹುದಿತ್ತು.

ಕೆಲಸದ ವಾತಾವರಣವೆಂದರೆ ಗೋಡೆಯ ಬಣ್ಣ, ಹೊಸ ಮಂಚ ಎಂದು ಅನೇಕರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅದು, ರೋಗಿಯ ಪಕ್ಕದಲ್ಲಿ ಇರಬೇಕಾದ ಸಿಸ್ಟರನ್ನು ಅಲ್ಲಿ ಇರಲು ಬಿಡುವ ವ್ಯವಸ್ಥೆ. ಒಮ್ಮೆ ಬೆಳಗಿನ ಪಾಳಿಯಲ್ಲಿ ಒಬ್ಬ ಸಿಸ್ಟರ್ ಹಿಂದೆಯೇ ನಡೆದು ನೋಡಿದೆ: ಬಿ.ಪಿ. ಉಪಕರಣ ಹುಡುಕಲು ಪಕ್ಕದ ವಾರ್ಡಿಗೆ, ಹತ್ತಿಗೆ ಸ್ಟೋರಿಗೆ, ರಿಪೋರ್ಟಿಗೆ ಲ್ಯಾಬಿಗೆ, ಆಕ್ಸಿಜನ್ ಸಿಲಿಂಡರಿನ ಕೀಲಿಗೆ ಇನ್ನೊಂದು ಮಹಡಿಗೆ. ಅಷ್ಟರಲ್ಲಿ ಡ್ರಿಪ್ ಮುಗಿದ ಅಜ್ಜಿಯೊಬ್ಬರು "ಅವ್ವಾ, ನೋಡವ್ವಾ" ಎಂದು ಕೂಗುತ್ತಿದ್ದರು. ಆ ಅಲೆದಾಟವನ್ನು ಪಟ್ಟಿ ಮಾಡಿ ಒಂದೊಂದಾಗಿ ನಿಲ್ಲಿಸುವುದು ವಾರ್ಡಿನ ಹೊಣೆ ಹೊತ್ತವಳ ಕೆಲಸ. ಕೊಠಡಿಯಲ್ಲಿ ಕೂತು ರಿಜಿಸ್ಟರಿಗೆ ಸಹಿ ಹಾಕುವವರಿಗೆ ಅದು ಕಾಣುವುದೇ ಇಲ್ಲ.

ಡ್ಯೂಟಿ ಪಟ್ಟಿಯೂ ಹಾಗೆಯೇ. ಮೈಸೂರು, ಮಂಡ್ಯಗಳ ನಡುವೆ ರೈಲು, ಬಸ್ಸಿನಲ್ಲಿ ದಿನವೂ ಓಡಾಡುವ ಸಿಸ್ಟರ್‌ಗಳು ನಮ್ಮಲ್ಲಿ ಬಹಳ ಜನ. ಹದಿನೈದು ದಿನ ಮುಂಚೆ ಪಟ್ಟಿ ಹಾಕಿ, ಸಂಜೆ ಪಾಳಿಯವರಿಗೆ ಕೊನೆಯ ಬಸ್ಸು ತಪ್ಪದಂತೆ ಚಾರ್ಜ್ ಕೊಡುವ ಸಮಯವನ್ನು ಹೊಂದಿಸಿದ ಮೇಲೆ, ಅವಸರದಲ್ಲಿ ಅರ್ಧ ಹೇಳಿ ಅರ್ಧ ಬಿಡುವುದು ತಾನಾಗಿ ಕಡಿಮೆಯಾಯಿತು. ವೈದ್ಯರ ರೌಂಡ್ಸ್‌ನಲ್ಲಿ ರೋಗಿಯ ರಾತ್ರಿಯ ಸ್ಥಿತಿಯನ್ನು ಸಿಸ್ಟರೇ ಮೊದಲು ಹೇಳಬೇಕೆಂಬ ಪದ್ಧತಿಗೆ ವೈದ್ಯರು ಬೇಗನೇ ಒಗ್ಗಿಕೊಂಡರು.

ಆದರೆ ಇವೆಲ್ಲಕ್ಕೂ ಕೈಗಳು ಬೇಕು. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ (ವಿದ್ಯಾರ್ಥಿಗಳಿಗೆ ಕಲಿಸುವ ಆಸ್ಪತ್ರೆ) 3 ರೋಗಿಗಳಿಗೆ, ಇತರ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬ ಶುಶ್ರೂಷಕಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರ ಬಗ್ಗೆ ಶುಶ್ರೂಷಾ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗೆ ಸಾವಿನ ಸಂಭವ ಶೇ. 7ರಷ್ಟು ಹೆಚ್ಚುವುದು ಕಂಡುಬಂದಿತ್ತು. ನಮ್ಮ ವಾರ್ಡಿನಲ್ಲಿ ರಾತ್ರಿ 30 ರೋಗಿಗಳಿಗೆ ಇದ್ದವರು ಇಬ್ಬರು.

ಸಿಬ್ಬಂದಿ ಬೇಕೆಂದು ಬರೆದ ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಮೂರು ತಿಂಗಳಾದ ಮೇಲೆ ಆ ನೋಟ್ ಪುಸ್ತಕವನ್ನು ತೆರೆದು ನೋಡಿದಾಗ, ಬರೆದಿದ್ದವುಗಳಲ್ಲಿ ಹೆಚ್ಚಿನವು ಮಧ್ಯರಾತ್ರಿಯಿಂದ ಬೆಳಗಿನ ಜಾವದೊಳಗಿನವು ಎಂದು ತಿಳಿಯಿತು. ಅದೇ ಪುಟಗಳನ್ನು ಆಸ್ಪತ್ರೆಯ ಅಧೀಕ್ಷಕರ ಮೇಜಿನ ಮೇಲೆ ಇಟ್ಟೆ. ಅವರು ಸುಮ್ಮನೆ ಕೂತು ಕೊನೆಯ ಪುಟದವರೆಗೂ ಓದಿ, ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರನ್ನು ಮರುವಾರವೇ ಹಾಕಿಕೊಟ್ಟರು.