ದಯವಿಟ್ಟು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಬೇಡಿ

"ಸರ್, ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಆದರೂ ಬರುತ್ತಿಲ್ಲ." ಪ್ರೋಗ್ರಾಮಿಂಗ್ ಅಸೈನ್‌ಮೆಂಟ್ ಒಪ್ಪಿಸುವ ಹಿಂದಿನ ರಾತ್ರಿ ವಿದ್ಯಾರ್ಥಿಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಶುರುವಾಗುವುದೇ ಹೀಗೆ. ಇನ್‌ಸ್ಟಾಲ್ ಮಾಡಿದ್ದು ಪೈಥಾನ್ ಭಾಷೆಯ ತಂತ್ರಾಂಶವನ್ನೋ ಸಿ ಭಾಷೆಯ ಕಂಪೈಲರನ್ನೋ ಆಗಿರುತ್ತದೆ. ಎಷ್ಟು ಸಲ ಮಾಡಿದೆ ಎಂದರೆ ಮೂರು, ನಾಲ್ಕು ಎನ್ನುತ್ತಾರೆ. ಪರದೆಯ ಮೇಲೆ ಏನು ಬಂದಿದೆ ಎಂದರೆ ಮಾತ್ರ, "ಏನೋ ಎರರ್ ಸರ್." ಆ 'ಏನೋ' ಕಿವಿಗೆ ಬಿದ್ದಾಗ ನನ್ನ ತಾಳ್ಮೆ ಅಲುಗಾಡುತ್ತದೆ.

ಒತ್ತಾಯಿಸಿ ಓದಿಸಿದರೆ ಅಲ್ಲಿರುವುದು ಒಂದೇ ವಾಕ್ಯ. ನೀವು ಟೈಪ್ ಮಾಡಿದ ಹೆಸರಿನ ಕಮಾಂಡ್ ಆಗಲಿ ಪ್ರೋಗ್ರಾಮ್ ಆಗಲಿ ನನಗೆ ಗೊತ್ತಿಲ್ಲ ಎಂದು ವಿಂಡೋಸ್ ಹೇಳುತ್ತಿರುತ್ತದೆ. ಲಿನಕ್ಸ್ ಆದರೆ 'ಕಮಾಂಡ್ ನಾಟ್ ಫೌಂಡ್' ಎನ್ನುತ್ತದೆ. ಸಿಗಲಿಲ್ಲ ಎಂದಷ್ಟೇ ಇದರ ಅರ್ಥ. ವಿದ್ಯಾರ್ಥಿಗಳು ಇದನ್ನು 'ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ' ಎಂದು ಓದಿಕೊಳ್ಳುತ್ತಾರೆ, ಮತ್ತೆ ಡೌನ್‌ಲೋಡ್‌ಗೆ ಕೈ ಹಾಕುತ್ತಾರೆ.

ಟರ್ಮಿನಲ್, ಅಂದರೆ ನೀವು ಕಮಾಂಡ್ ಟೈಪ್ ಮಾಡುವ ಕಿಟಕಿ, ನಿಮ್ಮ ಇಡೀ ಡಿಸ್ಕನ್ನು ಹುಡುಕುವುದಿಲ್ಲ. ಅದರ ಬಳಿ ಕೆಲವು ಫೋಲ್ಡರುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯ ಹೆಸರು ಪಾತ್ (PATH). ಸಿ ಕಂಪೈಲರನ್ನು ಕರೆಯಲು ನೀವು 'ಜಿಸಿಸಿ' ಎಂದು ಟೈಪ್ ಮಾಡಿದಾಗ ಆ ಪಟ್ಟಿಯ ಮೊದಲ ಫೋಲ್ಡರಿನಲ್ಲಿ ನೋಡುತ್ತದೆ, ಅಲ್ಲಿಲ್ಲದಿದ್ದರೆ ಎರಡನೆಯದರಲ್ಲಿ, ಆಮೇಲೆ ಮೂರನೆಯದರಲ್ಲಿ. ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ಓಡಿಸುತ್ತದೆ. ಪಟ್ಟಿ ಮುಗಿದರೂ ಸಿಗದಿದ್ದರೆ ಕೈಚೆಲ್ಲುತ್ತದೆ. ಕಂಪೈಲರ್ ತನ್ನ 'ಬಿನ್' ಫೋಲ್ಡರಿನಲ್ಲಿ ಕ್ಷೇಮವಾಗಿಯೇ ಕುಳಿತಿರಬಹುದು; ಆ ಫೋಲ್ಡರಿನ ವಿಳಾಸ ಪಟ್ಟಿಯಲ್ಲಿಲ್ಲ, ಅಷ್ಟೇ. ಹತ್ತು ಸಲ ಇನ್‌ಸ್ಟಾಲ್ ಮಾಡಿದರೂ ಅದು ಹತ್ತು ಸಲವೂ ಅದೇ ಫೋಲ್ಡರಿಗೆ ಹೋಗಿ ಕೂರುತ್ತದೆ. ಪಟ್ಟಿ ಇದ್ದ ಹಾಗೆಯೇ ಇರುತ್ತದೆ.

ವಿಂಡೋಸ್‌ಗೆ ಬಹುಕಾಲದಿಂದ ಬಳಕೆಯಲ್ಲಿರುವ ಪೈಥಾನ್ ಇನ್‌ಸ್ಟಾಲರಿನ ಮೊದಲ ಪರದೆಯಲ್ಲಿ, ಕೆಳಗಡೆ, ಪಾತ್‌ಗೆ ಸೇರಿಸಲೇ ಎಂದು ಕೇಳುವ ಚಿಕ್ಕ ಚೌಕವೊಂದಿದೆ. ಅದು ಖಾಲಿಯಾಗಿಯೇ ಬರುತ್ತದೆ. ದೊಡ್ಡ ಬಟನ್ ಮೇಲಿದೆ. ಎಲ್ಲರೂ ಅದನ್ನೇ ಒತ್ತುತ್ತಾರೆ. ನಾಲ್ಕನೆಯ ಸಲವೂ.

ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದರಿಂದ ಸಮಯ ಹಾಳಾಗುವುದಷ್ಟೇ ಆದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಕಳೆದ ಸೆಮಿಸ್ಟರಿನಲ್ಲಿ ಒಬ್ಬ ಹುಡುಗಿ ಕರೆ ಮಾಡಿದ್ದಳು. ಬೇಕಾದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಈಗಾಗಲೇ ಇದೆ ಎಂದು, ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡಿಕೊಡುವ ಪಿಪ್ ಹೇಳುತ್ತದೆ, ಅಂಥ ಮಾಡ್ಯೂಲೇ ಇಲ್ಲ ಎಂದು ಪೈಥಾನ್ ಹೇಳುತ್ತದೆ. ಎರಡು ದಿನದಿಂದ ಇದೇ. ವಿಂಡೋಸ್‌ನ ಟರ್ಮಿನಲ್ ಆದ ಕಮಾಂಡ್ ಪ್ರಾಂಪ್ಟ್ ತೆರೆದು, ಪೈಥಾನ್ ಎಲ್ಲೆಲ್ಲಿದೆ ಎಂದು ಕೇಳುವ 'ವೇರ್ ಪೈಥಾನ್' (where python) ಎಂದು ಟೈಪ್ ಮಾಡಿಸಿದೆ. ನಾಲ್ಕು ಸಾಲು ಬಂತು. ಪ್ರತಿ ಸಲವೂ ಬೇರೆ ಬೇರೆ ಆವೃತ್ತಿ ಇಳಿಸಿಕೊಂಡಿದ್ದಳು. ಹಳೆಯದು ಯಾವುದೂ ಹೋಗಿರಲಿಲ್ಲ. ಪಿಪ್ ಒಂದು ಪೈಥಾನಿನದು, ಪ್ರೋಗ್ರಾಮ್ ಓಡಿಸುತ್ತಿದ್ದುದು ಇನ್ನೊಂದು. 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್' (python -m pip install) ಎಂದು ಶುರುಮಾಡಿ ಮುಂದೆ ಲೈಬ್ರರಿಯ ಹೆಸರು ಸೇರಿಸಲು ಹೇಳಿದೆ. ಹಾಗೆ ಮಾಡಿದರೆ ಯಾವ ಪೈಥಾನ್ ಓಡುತ್ತದೆಯೋ ಅದಕ್ಕೇ ಲೈಬ್ರರಿ ಸೇರುತ್ತದೆ. ಪ್ರೋಗ್ರಾಮ್ ಓಡಿತು. ಅವಳು ಬರೆದದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. "ನನಗೆ ಪ್ರೋಗ್ರಾಮಿಂಗ್ ಆಗಿಬರುವುದಿಲ್ಲ ಅಂದುಕೊಂಡಿದ್ದೆ ಸರ್" ಎಂದಳು. ಕೋಡ್ ಬರೆಯುವುದಕ್ಕೂ ಈ ರಗಳೆಗೂ ಸಂಬಂಧವಿಲ್ಲವೆಂದು ಮೊದಲ ತರಗತಿಯಲ್ಲೇ ಯಾರಾದರೂ ಅವಳಿಗೆ ಹೇಳಬೇಕಿತ್ತು. ನಾನೂ ಹೇಳಿರಲಿಲ್ಲ.

ಹಾಗಾಗಿ ಮೊದಲು 'ವೇರ್' ಎಂದು ಬರೆದು ಮುಂದೆ ಪ್ರೋಗ್ರಾಮಿನ ಹೆಸರು ಹಾಕಿ ಕೇಳಿ. ವಿಂಡೋಸ್‌ನಲ್ಲೇ ಇರುವ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಆ ಹೆಸರಿಗೆ ಬೇರೆ ಅರ್ಥವಿದೆ, 'ವೇರ್.ಇಎಕ್ಸ್‌ಇ' (where.exe) ಎಂದು ಪೂರ್ತಿ ಬರೆಯಬೇಕು. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ 'ವಿಚ್' (which). ಏನೂ ಬರದಿದ್ದರೆ ಪಾತ್ ನೋಡಿ, ಒಂದಕ್ಕಿಂತ ಹೆಚ್ಚು ಬಂದರೆ ಯಾವುದು ಮೇಲಿದೆ ನೋಡಿ.

ಪಾತ್ ತಿದ್ದುವಾಗ ಎಚ್ಚರ. ಹಳೆಯ ಸಾಲುಗಳನ್ನು ಅಳಿಸಬೇಡಿ. ಮೊದಲು ಅಷ್ಟನ್ನೂ ಒಂದು ಕಡತಕ್ಕೆ ನಕಲಿಸಿಡಿ. ಇಂಥ ಪಟ್ಟಿಗಳನ್ನು ಬದಲಿಸುವ ವಿಂಡೋಸ್‌ನ 'ಸೆಟ್‌ಎಕ್ಸ್' (setx) ಕಮಾಂಡ್ 1024 ಅಕ್ಷರಗಳ ಆಚೆ ಇರುವುದನ್ನು ಕತ್ತರಿಸಿಬಿಡುತ್ತದೆ, ಆದ್ದರಿಂದ ಪಾತ್‌ಗೆ ಅದನ್ನು ಬಳಸದಿರುವುದೇ ಕ್ಷೇಮ. ಸೆಟ್ಟಿಂಗ್ಸ್ ಕಿಟಕಿಯಲ್ಲೇ ಸೇರಿಸಿ. ಕಂಪ್ಯೂಟರ್ ಮನೆಯ ಬೇರೆಯವರದೋ ಕಚೇರಿಯದೋ ಆಗಿದ್ದರೆ ಕೇಳಿ ಮಾಡಿ.

ತಿದ್ದಿದ ಮೇಲೆ ತೆರೆದಿರುವ ಟರ್ಮಿನಲ್ ಮುಚ್ಚಿ ಹೊಸದನ್ನು ತೆರೆಯಿರಿ. ಹಳೆಯ ಕಿಟಕಿ ತಾನು ಹುಟ್ಟುವಾಗ ಪಡೆದ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್ ಒಳಗಿನ ಟರ್ಮಿನಲ್ ಆದರೆ ವಿಎಸ್ ಕೋಡನ್ನೇ ಪೂರ್ತಿ ಮುಚ್ಚಬೇಕು. ಎಲ್ಲವನ್ನೂ ಸರಿಯಾಗಿ ಮಾಡಿ, ಹಳೆಯ ಕಿಟಕಿಯಲ್ಲೇ ಪರೀಕ್ಷಿಸಿ, ಮತ್ತೆ ಇನ್‌ಸ್ಟಾಲ್‌ಗೆ ಹೊರಟವರನ್ನು ನಾನು ಕಂಡಿದ್ದೇನೆ.

ಇಷ್ಟಾದರೂ ಸಿಗದಿದ್ದರೆ ಸಂಕೋಚಪಡದೆ ಕರೆ ಮಾಡಿ, ಎಷ್ಟು ಹೊತ್ತಾದರೂ ಕೂರುತ್ತೇನೆ. ಪರದೆಯ ಮೇಲಿನ ಸಾಲನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿ ಹೇಳಿ.